ದೇವರ ಟೊಂಗಿ

ತುರೋರಿ
ಏಪ್ರಿಲ್ 2, 2024

ಮಗಳು ಸೋನಾಲಿಗೆ ಅಪ್ಪ ಭೀಮಶಾ ಬರಿಯೂದು,

ಈ ಕಾಗದದ ಮಡಚಿನಾಗ ಬೀರಪ್ಪನ ಬಂಡಾರದ ಅರಿಷಿಣ ಒಂದು ಚಿಟಿಕಿ ಇಟ್ಟೀನಿ. ಬಿಚ್ಚುವಾಗ ಧೂಳ ಅಂತ ಝಾಡಸಬ್ಯಾಡ, ಹಣಿಗೆ ಹಚ್ಚಿಕೋ.

ನಿನ್ನ ಪತ್ರ ಅಮೃತನ ಚಹಾದಂಗಡ್ಯಾಗ ಬಿದ್ದಿತ್ತು. ಅಂವಾ ಬಂದ ಗಿರಾಕಿಗೆಲ್ಲಾ ತೋರಿಸಿ ಆಮ್ಯಾಲ ನನಗ ಕೊಟ್ಟಾನ. "ಭೀಮಶಾ, ನಿನ್ನ ಮಗಳು ನಾಗಪುರದಾಗ ಕುಂತು ಆಕಾಶದಾಗಿಂದ ಗಿಡ ನೋಡ್ತಾಳಂತ, ನನ್ನ ಅಂಗಡಿ ತಗಡಾ ಕಾಣ್ತದೇನು ಕೇಳು" ಅಂದ. "ತಗಡಾ ಏನು, ನಿನ್ನ ಬೋಳ ತಲೀನೂ ಕಾಣ್ತದ" ಅಂದೆ. ಲಾರಿ ಡ್ರೈವರಗೋಳು ಸುದ್ದಾ ನಕ್ಕರು.

ಫೋನಿನಾಗ ನಿಮ್ಮವ್ವ ಮಾತಾಡ್ತಾಳ, ನಾ ಬಾಜೂಕ ಕುಂತು ಆಕಿ ಮಾರಿ ನೋಡ್ತೀನಿ. ಆಕಿ ನಕ್ಕರ ನೀ ಆರಾಮ ಇದ್ದಿ ಅಂತ ತಿಳೀತೀನಿ. ನನ್ನ ಕಿವಿ ಹೋಗ್ಯಾವ, ಬಾಜೂಕ ನಿಂತು ಒದರಿದ್ರ ಅಷ್ಟ ಕೇಳ್ತದ. ಅದಕ್ಕ ನೀ ಕಾಗದ ಬರಿಯೂದು ಬಿಡಬ್ಯಾಡ ಅವ್ವಾ. ನೀ ಪುಸ್ತಕದ ಹಂಗ ಬರೀತಿ, ನಾ ಮಾತಾಡಿದ ಹಂಗ ಬರೀತೀನಿ, ನಡೀತದ.

ನಿಲಂಗಾ ಹದ್ದಿನಾಗ ನಮ್ಮ ಬೀರಪ್ಪನ ಬನ ಅದ ಅಲ್ಲ, ಅಲ್ಲಿ ಟೊಂಗಿ ಕಡಿಯೂ ಕೆಲಸ ಮೊನ್ನಿ ಮುಗೀತು. ಹೊಲದಾಗ ಒಂದು ಕಡ್ಡಿ ಹುಲ್ಲಿಲ್ಲ, ಹಿಂಡು ಈಗ ಜಾಲಿ, ಧಾವಡಾದ ಎಲಿ ಮ್ಯಾಲನ ಅದ. ಮೊದಲ ಗಿಡಕ್ಕ ನಾನ ಬಂಡಾರ ಹಚ್ಚಿ ಕೊಡಲಿ ಇಟ್ಟೆ, ಆಮ್ಯಾಲ ಉಳಿದ ಹಟ್ಟಿಯವರು ಶುರು ಮಾಡಿದರು. ನಿಮ್ಮಣ್ಣ ಸಿದ್ದರಾಮ ಗಡಬಡಿಯಾಗ ಒಂದು ಧಾವಡಾದ ನೆತ್ತಿ ಟೊಂಗಿಗೆ ಕೊಡಲಿ ಎತ್ತಿದ್ದ. "ಲೇ, ಅದು ದೇವರ ಟೊಂಗಿ, ನಿಮ್ಮಪ್ಪಂದಲ್ಲ!" ಅಂತ ಒದರಿದೆ. ಅವರಪ್ಪ ನಾನ ಅಂತ ಆಮ್ಯಾಲ ನೆನಪಾಯ್ತು. ಬೊಡ್ಡಿಗೆ ಕೊಡಲಿ ತಾಕಬಾರದು, ನೆತ್ತಿ ಮ್ಯಾಲ ಒಂದು ಟೊಂಗಿ ಬೀರಪ್ಪಗ ಬಿಡಬೇಕು, ಇಷ್ಟೂ ತಿಳೀಲಾರದವರು ಏನು ಕುರುಬರು?

ಈಗ ಬನ ನೋಡಿದ್ರ ನೀ ನಗ್ತಿ. ಜವಳ ತಗದ ಹುಡುಗೂರ ತಲೀ ಆಗ್ಯಾದ, ನಡಬರಕ ಒಂದೊಂದು ಜುಟ್ಟು. ಮಳಿ ಬಿದ್ದರ ಚಿಗೀತದ. ದೀಪಾವಳಿಗೆ ಒಳಗ ಬಿಸಿಲು ಬೀಳಲಾರದಂಗ ಆಗ್ತದ.

ಊಟ ಬರೋಬ್ಬರ್ ಮಾಡು.

ನಿಮ್ಮಪ್ಪ
ಭೀಮಶಾ


ನಾಗಪುರ
ಮೇ 12, 2024

ಅಪ್ಪಾ,

ಬಂಡಾರ ಹಣೆಗೆ ಹಚ್ಚಿಕೊಂಡೆ. ಒಂದಿಷ್ಟು ಕಂಪ್ಯೂಟರಿನ ಕೀಲಿಮಣೆಯ ಸಂದಿಗೂ ಬಿತ್ತು. ಅದಕ್ಕೂ ಬೀರಪ್ಪನ ದಯೆ ಇರಲಿ ಎಂದು ಒರೆಸದೆ ಬಿಟ್ಟಿದ್ದೇನೆ.

ಅಮೃತಕಾಕಾ ಕೇಳಿದರೆ ನನ್ನ ಕೆಲಸ ಇಂಥದ್ದು ಎಂದು ಹೇಳು. ಉಪಗ್ರಹ ಮೇಲಿನಿಂದ ನೆಲದ ಫೋಟೋ ತೆಗೆಯುತ್ತದೆ. ಮೇಲಿನಿಂದ ನೋಡಿದರೆ ಗಿಡದ ಬೊಡ್ಡೆ ಕಾಣುವುದಿಲ್ಲ, ನೆತ್ತಿಯ ಹರವು ಮಾತ್ರ ಕಾಣುತ್ತದೆ. ಕಾಡಿನ ಎಷ್ಟು ನೆಲವನ್ನು ನೆತ್ತಿಗಳು ಮುಚ್ಚಿವೆ ಎಂದು ನಾವು ಲೆಕ್ಕ ಹಾಕುತ್ತೇವೆ. ನೆರಳಿನ ಉದ್ದದಿಂದ ಗಿಡದ ಎತ್ತರ ಗೊತ್ತಾಗುತ್ತದೆ. ಎತ್ತರ ಮತ್ತು ಹರವು ಸಿಕ್ಕರೆ ಬೊಡ್ಡೆ ಎಷ್ಟು ದಪ್ಪ ಇರಬಹುದು, ಅದರಲ್ಲಿ ಎಷ್ಟು ಕಟ್ಟಿಗೆ ಇರಬಹುದು ಎಂಬುದಕ್ಕೆ ಸೂತ್ರವಿದೆ. ಕಾಡಿಗೆ ಹೋಗದೆಯೇ ಕಾಡಿನ ಕಟ್ಟಿಗೆಯನ್ನು ಅಳೆಯುವುದು. ಕಾಕಾನ ಬೋಳು ತಲೆ ಮಾತ್ರ ಕಾಣುವುದಿಲ್ಲ ಎಂದು ಸಮಾಧಾನ ಹೇಳು.

ಒಂದು ಸುದ್ದಿ. ಈ ವರ್ಷ ಉಮರ್ಗಾ, ನಿಲಂಗಾ ಗಡಿಯ ಭಾಗ ನನ್ನ ಕೈಗೇ ಬಂತು. ಮೊದಲ ದಿನ ಕೆಲಸ ಬಿಟ್ಟು ಬರೀ ಊರನ್ನೇ ನೋಡಿದೆ. ಹೆದ್ದಾರಿ ಕಂಡಿತು, ಯೆಣೆಗೂರಿನ ಧಾಬಾಗಳ ಸಾಲು ಕಂಡಿತು, ಅಲ್ಲಿಂದ ಬೆರಳಿನಿಂದ ದಾರಿ ಹಿಡಿದು ನಮ್ಮ ಕುರಿದೊಡ್ಡಿಯ ಕಪ್ಪು ಕಲೆಯವರೆಗೂ ಬಂದೆ. ಪಕ್ಕದಲ್ಲಿ ಕುಳಿತವಳು "ಯಾಕೆ ಒಬ್ಬಳೇ ನಗುತ್ತೀ?" ಎಂದು ಕೇಳಿದಳು. ಸುಮ್ಮನೆ ಅಂದೆ.

ಬನವೂ ಕಂಡಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ಬಿಸಿಲು ಬಹಳ. ಅವ್ವನಿಗೆ ಬೆನ್ನುನೋವಿನ ಮುಲಾಮು ಕಳಿಸಿದ್ದೇನೆ, ಹಚ್ಚಿಕೊಳ್ಳಲು ಹೇಳು.

ನಿನ್ನ
ಸೋನಾಲಿ


ತುರೋರಿ
ಜುಲೈ 18, 2024

ಸೋನಾಲಿ,

ನಿನ್ನ ಕಾಗದ ಬಂದು ಭಾಳ ದಿನ ಆಯ್ತು. ಇನ್ನೊಮ್ಮೆ ಬರೀತೀನಿ ಅಂದಿದ್ದಿ, ಬರೀಲಿಲ್ಲ. ಇರಲಿ, ಕೆಲಸ ಇರ್ತದ.

ಇಲ್ಲಿ ಒಂದು ಭಾನಗಡಿ ಆಗ್ಯಾದ. ಜಂಗಲ್ ಖಾತೆದವರು ಜೀಪಿನಾಗ ಬಂದಿದ್ದರು, ಕೈಯಾಗ ಆಕಾಶದ ಫೋಟೋ ಇತ್ತು. ಮೂರು ವರ್ಷದ ಹಿಂದಿನ ಫೋಟೋದಾಗ ಬನ ಹಸರ ಅದ. ಈ ವರ್ಷದ್ದರಾಗ ಮಣ್ಣ ಬಣ್ಣ. "ಗಿಡ ಎಲ್ಲಿ ಹೋದವು?" ಅಂತ ಕೇಳಿದರು. ಎಲ್ಲಿ ಹೋಗ್ತಾವ ಸಾಹೇಬ್ರ, ಇಲ್ಲೇ ನಿಂತಾವ ಅಂತ ಕೈ ಹಿಡದು ಕರಕೊಂಡು ಹೋಗಿ ತೋರಿಸಿದೆ. ಚಿಗರ ಬಿಡ್ಲತ್ತಾವ. ಅವರೊಳಗ ಒಬ್ಬ, ಹುಡುಗ ಸಾಹೇಬ, "ಇವು ಉಳಿದ ಗಿಡ ಬಾಬಾ, ಕಡದ ಗಿಡ ಎಲ್ಲಿ ಅವ ಅದನ್ನ ಹೇಳು" ಅಂದ. ಇದ್ದ ಗಿಡ ತೋರಸಬಹುದು. ಇರಲಾರದ ಗಿಡ ನಾ ಹ್ಯಾಂಗ ತೋರಸ್ಲಿ?

ಬನದಾಗಿಂದ ಇಷ್ಟು ಘನಮೀಟರ್ ಕಟ್ಟಿಗಿ ಕಳುವಾಗ್ಯಾದ ಅಂತ ನೋಟೀಸ್ ಕೊಟ್ಟಾರ. ಮೊದಲ ಕೊಡಲಿ ಇಡಾಂವ ನಾನ ಅಂತ ಎಲ್ಲಾರಿಗೂ ಗೊತ್ತು, ಅದಕ್ಕ ನನ್ನ ಹೆಸರಿಗೆ. ಅಕ್ಟೋಬರದಾಗ ನಿಲಂಗಾ ಕಚೇರಿಗೆ ಬಂದು ಜವಾಬು ಕೊಡಬೇಕಂತ. ಅಲ್ಲಿ ತನಕಾ ಬನದಾಗ ಕುರಿ ಬಿಡಂಗಿಲ್ಲ. ಬೀರಪ್ಪನ ಗುಡಿ ಬನದಾಗ ಅದ, ಪೂಜಾಕ್ಕೂ ಕೇಳಿ ಹೋಗಬೇಕು.

ನೀ ಇದ ಕೆಲಸ ಮಾಡ್ತಿ. ಘನಮೀಟರ್ ಅಂದ್ರ ಎಷ್ಟು? ಗಾಡಿ ಲೆಕ್ಕದಾಗ ಹೇಳು. ಈ ಫೋಟೋ ಯಾರು ನೋಡ್ತಾರ, ಗಿಡ ಹೋಗ್ಯಾವ ಅಂತ ಯಾರು ಹೇಳ್ತಾರ, ಅದೂ ಬರಿ. ಲಗೂನ ಬರಿ.

ನಿಮ್ಮಪ್ಪ
ಭೀಮಶಾ


ನಾಗಪುರ
ಆಗಸ್ಟ್ 9, 2024

ಅಪ್ಪಾ,

ತಡವಾಯಿತು, ಸಿಟ್ಟಾಗಬೇಡ. ಆಫೀಸಿನಲ್ಲಿ ಕೆಲಸ ಜಾಸ್ತಿ.

ಒಂದು ಘನಮೀಟರ್ ಅಂದರೆ ನಮ್ಮ ಎತ್ತಿನ ಗಾಡಿಯಲ್ಲಿ ಕಟ್ಟಿಗೆಯನ್ನು ಒತ್ತಾಗಿ ಪೇರಿಸಿದರೆ ಹೆಚ್ಚುಕಡಿಮೆ ಒಂದು ಗಾಡಿ ಎಂದು ತಿಳಿ. ಫೋಟೋಗಳನ್ನು ಬಹಳ ಜನ ನೋಡುತ್ತಾರೆ, ಒಬ್ಬರದ್ದೇ ಅಂತ ಇರುವುದಿಲ್ಲ. ಇಂಥ ನೋಟೀಸು ಎಲ್ಲಾ ಕಡೆ ಹೋಗುತ್ತವೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಯಾವುದಕ್ಕೂ ಸಹಿ ಮಾಡಬೇಡ. ದಸರೆಯೊಳಗೆ ತಣ್ಣಗಾಗುತ್ತದೆ.

ನಿನಗೆ ಕಿವಿಯ ಯಂತ್ರ ಕೊಡಿಸಬೇಕು ಎಂದು ವಿಚಾರ ಮಾಡಿದ್ದೇನೆ.

ಸೋನಾಲಿ


ತುರೋರಿ
ಸೆಪ್ಟೆಂಬರ್ 10, 2024

ಸೋನಾಲಿಬಾಯಿಗೆ,

ನಾ ಸಾರಿಕಾ, ನಿಮ್ಮಣ್ಣನ ಹೆಂಡತಿ, ನೆನಪದೇನು? ಫೋನ್ ಹಚ್ಚಿ ಹಚ್ಚಿ ಸಾಕಾಯ್ತು. ರಿಂಗ್ ಆಗ್ತದ, ನೀ ಎತ್ತೂದಿಲ್ಲ. ಅದಕ್ಕ ಕಾಗದ. ಕಾಗದಕ್ಕ ಕಟ್ ಮಾಡಾಕ ಬರೂದಿಲ್ಲ.

ಕಿವಿ ಯಂತ್ರ ಕೊಡಸ್ತೀನಿ ಅಂತ ಬರದಿದ್ದಿ. ಛಲೋ ಆಯ್ತು ತಗೋ. ಅದನ್ನ ಹಾಕ್ಕೊಂಡ್ರ ಮಂದಿ ಏನ ಅನ್ಲತ್ತಾರ ಅಂತ ಮಾವಗ ಸಾಫ್ ಕೇಳ್ತದ. "ಕಟ್ಟಿಗಿ ಕಳ್ಳ" ಅಂತಾರ ಸೋನಾಲಿ. ಅಮೃತಕಾಕಾನ ಅಂಗಡ್ಯಾಗ ಅಂತಾರ. ಹೊರಗಿನವರು ಅಂದ್ರ ಬ್ಯಾರೆ ಮಾತು, ನಮ್ಮ ಹಟ್ಟಿಯವರ ಅಂತಾರ. ಮುದುಕ ನಮ್ಮ ಕೈಲೆ ಟೊಂಗಿ ಕಡಿಸಿ ತಾನು ಬೊಡ್ಡಿ ಮಾರ್ಯಾನ, ಇಲ್ಲಂದ್ರ ಸರಕಾರದ ಫೋಟೋದಾಗ ಹ್ಯಾಂಗ ಬರ್ತದ, ಅಂತ.

ಮಾವ ಗುಡಿಗಿ ಹೋಗೂದು ಬಿಟ್ಟಾರ. ಬಂಡಾರದ ಬಟ್ಟಲ ಮುಟ್ಟೂದಿಲ್ಲ, ನಿಮ್ಮವ್ವ ಹಣಿಗೆ ಹಚ್ಚಲಾಕ ಹೋದ್ರ ತಲಿ ಹಿಂದ ತಗೀತಾರ. ಹಿಂಡು ತಗೊಂಡು ಹೆದ್ದಾರಿ ದಂಡಿಗೆ ಮೇಯಿಸ್ಲತ್ತಾರ, ಲಾರಿ ಹಾರ್ನ್ ಕೇಳೂದಿಲ್ಲ ಅವರಿಗೆ. ನಿನ್ನ ಹೆಸರು ಯಾರರೆ ತಗದ್ರ ಎದ್ದು ಹೊರಗ ಹೋಗ್ತಾರ. ಯಾಕ ಅಂತ ನನಗ ತಿಳೀವಲ್ದು.

ಅಕ್ಟೋಬರ್ ಹತ್ತಕ್ಕ ನಿಲಂಗಾದಾಗ ಸುನಾವಣಿ, ವಿಚಾರಣಿ ಅದ. ನೀ ಫೋಟೋ ಓದಾಕಿ. ಬಂದು ಸಾಹೇಬಗ ತಿಳಿಸಿ ಹೇಳು. ಇಷ್ಟ ಕೇಳ್ತೀನಿ, ಬ್ಯಾರೆ ಏನೂ ಕೇಳೂದಿಲ್ಲ.

ಸಾರಿಕಾ


ನಾಗಪುರ
ಸೆಪ್ಟೆಂಬರ್ 21, 2024

ವೈನಿ,

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಎತ್ತಲಿಲ್ಲ. ಇದನ್ನು ಓದಿ ನೀವು ನನ್ನನ್ನು ಏನು ಬೇಕಾದರೂ ಅನ್ನಿ.

ಗಿಡ ಹೋಗಿವೆ ಎಂದು ಬರೆದವಳು ನಾನೇ.

ಹಿಂದಿನ ಸಮೀಕ್ಷೆಗೆ ಬಳಸಿದ ಫೋಟೋ ಕಾರ್ತಿಕದ್ದು. ಆಗ ಬನ ತುಂಬಿರುತ್ತದೆ. ಈ ಸಲ ವರದಿಯ ಅವಸರ ಇತ್ತು, ಏಪ್ರಿಲಿನ ಫೋಟೋ ತೆಗೆದುಕೊಂಡೆವು. ನಮ್ಮವರು ಟೊಂಗೆ ಕಡಿದು ಎರಡು ವಾರವೂ ಆಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಿಳಿಯಲಿಲ್ಲ ಎನ್ನಬಹುದಿತ್ತು. ಫೋಟೋ ತೆರೆದ ಕೂಡಲೇ ನನಗೆ ಗೊತ್ತಾಯಿತು ವೈನಿ. ಹತ್ತು ವರ್ಷದವಳಿದ್ದಾಗ ಅದೇ ಬನದಲ್ಲಿ ನಾನು ಟೊಂಗೆ ಎಳೆದು ಕುರಿಗೆ ಹಾಕಿದ್ದೇನೆ. ನೆತ್ತಿಯ ಮೇಲೆ ಒಂದು ಟೊಂಗೆ ಇದ್ದೇ ಇರುತ್ತದೆ, ಆದರೆ ಅಷ್ಟು ಸಣ್ಣದು ಆ ಫೋಟೋದಲ್ಲಿ ಮೂಡುವುದಿಲ್ಲ. ಮೂಡದಿದ್ದರೂ ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು.

ಮೀಟಿಂಗಿನಲ್ಲಿ ಗೋಡೆಯ ಮೇಲೆ ಎರಡೂ ಫೋಟೋ ಹಾಕಿದ್ದರು. ನಮ್ಮ ಮೇಲಧಿಕಾರಿ ಉಜ್ವಲಾ ಮೇಡಂ ನನ್ನ ಕಡೆ ತಿರುಗಿ, "ಸೋನಾಲಿ, ತೂ ತಿಕಡಚೀ ನಾ? ನೀನು ಆ ಕಡೆಯವಳೇ ಅಲ್ಲವಾ, ಏನಾಗಿರಬಹುದು ಇಲ್ಲಿ?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕುಳಿತ ಒಬ್ಬ, "ಕುರುಬರ, ಈ ಧನಗರರ ಕುರಿ ಕಾಡನ್ನೇ ತಿಂದು ತೇಗಿರಬೇಕು" ಎಂದ. ಎಲ್ಲರೂ ನಕ್ಕರು.

ನಾನೂ ನಕ್ಕೆ.

ಆ ನಗೆ ನನ್ನ ಬಾಯಿಂದ ಹೇಗೆ ಬಂತೋ ಈಗಲೂ ತಿಳಿಯದು. ಇದು ನಮ್ಮ ಪದ್ಧತಿ, ನಾವು ಬೊಡ್ಡೆ ಮುಟ್ಟುವುದಿಲ್ಲ ಎಂದು ಹೇಳಬೇಕಾದರೆ "ನಾವು" ಅನ್ನಬೇಕಲ್ಲ. ಆ ಒಂದು ಮಾತು ಹೊರಡಲಿಲ್ಲ. ಉದಗೀರದ ಹಾಸ್ಟೆಲಿನಲ್ಲಿ ಅಪ್ಪ ಕೊಟ್ಟ ಕಂಬಳಿಯನ್ನು ಟ್ರಂಕಿನ ತಳಕ್ಕೆ ಹಾಕಿ ಚಳಿಯಲ್ಲಿ ಮಲಗಿದವಳು ನಾನು, ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆಂದು. ಇಲ್ಲಿ ನಮ್ಮಪ್ಪನದು ಬೇಸಾಯ ಎಂದಷ್ಟೇ ಹೇಳಿದ್ದೇನೆ. ಗಿಡ ಕಡಿಮೆಯಾಗಲು ಕಾರಣ ಏನು ಎಂದು ಬರೆಯಲೇಬೇಕಿತ್ತು: ಬೆಂಕಿ, ರೋಗ, ಇಲ್ಲವೆ ಕಡಿತ. ಕಡಿತ ಎಂದು ಬರೆದೆ. ಎಷ್ಟು ಕಟ್ಟಿಗೆ ಹೋಗಿದೆ ಎಂದು ಕಂಪ್ಯೂಟರೇ ಲೆಕ್ಕ ಹಾಕಿತು. ಒಂದು ಕಡೆ ನಾಲ್ಕು ಹಸಿರು ಚುಕ್ಕೆ ಕಡಿಮೆಯಾದರೆ ಯಾರು ಕೇಳುತ್ತಾರೆ ಎಂದುಕೊಂಡೆ. ಅದು ಅಪ್ಪನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಬೀರಪ್ಪನಾಣೆಗೂ ತಿಳಿದಿರಲಿಲ್ಲ.

ನನಗೆ ನನ್ನ ಮೇಲೆ ಅಸಹ್ಯ ಬಂದಿದೆ. ಊಟದ ತಟ್ಟೆ ಮುಂದಿಟ್ಟುಕೊಂಡರೆ ಅಪ್ಪ ಹೆದ್ದಾರಿ ದಂಡೆಗೆ ನಿಂತದ್ದು ಕಾಣುತ್ತದೆ. ಅಕ್ಟೋಬರ್ ಹತ್ತಕ್ಕೆ ಬರುತ್ತೇನೆ. ಬಂದು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಅಪ್ಪನಿಗೆ ಇದು ಗೊತ್ತಾಗುವುದು ಬೇಡ, ನಿಮ್ಮ ಕಾಲು ಹಿಡಿಯುತ್ತೇನೆ.

ಸೋನಾಲಿ


ತುರೋರಿ
ಅಕ್ಟೋಬರ್ 15, 2024

ಮಗಳು ಸೋನಾಲಿಗೆ,

ನಿಲಂಗಾಕ್ಕ ಹೋಗಿ ಬಂದೆ. ನೀ ಬರ್ತಿ ಅಂತ ಸಾರಿಕಾ ಕಚೇರಿ ಗೇಟಿನಾಗ ನಿಂತು ಬಂದ ಬಂದ ಬಸ್ಸ ನೋಡಿದ್ಲು. ಆಕಿ ನನಗ ಏನೂ ಹೇಳಿಲ್ಲ, ಹೇಳ್ಯಾಳ ಅಂತ ಆಕಿ ಮ್ಯಾಲ ಸಿಟ್ಟಾಗಬ್ಯಾಡ. ಆಕಿ ಮಾರಿ ಮ್ಯಾಲ ಬರದಿತ್ತು. ಕಿವುಡಗ ಮಾರಿ ಓದಾಕ ಬರ್ತದ.

ಮತ್ತ ನನಗ ಯಾರೂ ಹೇಳೂ ಜರೂರಿ ಇರಲಿಲ್ಲ. ಗಡಿ ಭಾಗ ನನ್ನ ಕೈಗೆ ಬಂತು ಅಂತ ನೀನ ಖುಷೀಲೆ ಬರದಿದ್ದಿ ಅಲ್ಲ? ಆ ಕಾಗದ ನಾ ಊರ ಮಂದಿಗೆಲ್ಲಾ ಓದಿ ಹೇಳೀನಿ. ಜೀಪಿನವರು ಫೋಟೋ ತಗದ ದಿನಾನ ನನಗ ತಿಳೀತು. ಫೋಟೋ ಯಾರು ನೋಡ್ತಾರ ಅಂತ ಕೇಳಿ ಬರದೆ. ತಿಳೀಲಾರದಕ್ಕ ಕೇಳಿದ್ದಲ್ಲ ಅವ್ವಾ. ನೀ ಹೇಳ್ತಿ ಅಂತ ಕೇಳಿದ್ದೆ.

ಸಾಹೇಬ ಖರೆ ಅಂದ್ರ ಒಳ್ಳೆ ಮನಷ್ಯಾ. ನನ್ನ ಕಿವ್ಯಾಗ ಬಾಯಿಟ್ಟು ಒದರಿದ: "ಬಾಬಾ, ಎರಡರಾಗ ಒಂದ ಖರೆ. ನೀ ಕಡದಿ, ಇಲ್ಲಾ ಈ ಫೋಟೋ ಖೋಟಾ ಅದ. ಖೋಟಾ ಅಂದ್ರ ನಾ ಫೋಟೋ ಓದಿದವರನ್ನ ಇಲ್ಲಿ ಕರಸ್ತೀನಿ, ತಪ್ಪು ಅವರದಿದ್ರ ನೌಕರಿ ಹೋಗ್ತದ. ಕರಸ್ಲೇನು?"

ಕರಸಬ್ಯಾಡ್ರಿ ಅಂದೆ. ಫೋಟೋ ಬರೋಬ್ಬರ್ ಅದ ಸಾಹೇಬ್ರ, ನಾನ ಕಡದೀನಿ, ನಾನ ಮಾರೀನಿ ಅಂದೆ. ಬರಕೊಂಡ್ರು. ಸಹಿ ಮಾಡಬ್ಯಾಡ ಅಂದಿದ್ದಿ, ಮಾಡ್ದೆ.

ಹಟ್ಟಿಯವರು ಈಗ ನಮ್ಮ ಮನಿ ನೀರ ಸುದ್ದಾ ಕುಡಿಯೂದಿಲ್ಲ. ಬನಕ್ಕ ತಂತಿ ಬಿಗಿಲತ್ತಾರ. ಸಿದ್ದರಾಮ ನನ್ನ ಕೂಡ ಮಾತಾಡೂದು ಬಿಟ್ಟಾನ. ಹುಟ್ಟಿದಾಗಿಂದ ಒಂದು ಗಿಡದ ಬೊಡ್ಡಿಗೆ ಕೊಡಲಿ ಹಚ್ಚಿಲ್ಲ, ಬಾಯಿಲೆ ಇಡೀ ಬನ ಕಡದು ಹಾಕಿದೆ. ಬೀರಪ್ಪನ ಮುಂದ ಹ್ಯಾಂಗ ಮಾರಿ ತೋರಸ್ಲಿ ತಿಳೀವಲ್ದು.

ನೀ ಉದಗೀರದಾಗ ಕಲೀವಾಗ ನಾ ಬಂದ್ರ ಹಾಸ್ಟೆಲ್ ಗೇಟಿನ ಒಳಗ ಬರ್ತಿರಲಿಲ್ಲ. ಹೊರಗ ಚಹಾದಂಗಡಿ ಕಡೆ ನಿಂತು ಹೇಳಿ ಕಳಸ್ತಿದ್ದೆ. ಅಪ್ಪಾ ಒಳಗ ಬಾ ಅಂತ ನೀ ಒಂದಿನಾನೂ ಅನಲಿಲ್ಲ, ನಾನೂ ಕೇಳಲಿಲ್ಲ. ಕಂಬಳಿ ಹೊತ್ತ ಅಪ್ಪಗ ನೀ ನಾಚ್ತಿ ಅಂತ ಗೊತ್ತಿತ್ತು. ಮಗಳು ಕಲೀಲಿ, ಹೊರಗ ನಿಂತ್ರ ಏನಾತು ಅಂತ ನಿಂದರ್ತಿದ್ದೆ. ನಿಲಂಗಾದಾಗೂ ಹಂಗ ನಿಂತೀನಿ ಅಂತ ತಿಳಿ.

ನೌಕರಿ ಛಂದ ಮಾಡು.

ನಿಮ್ಮಪ್ಪ
ಭೀಮಶಾ


ನಿಲಂಗಾ, ಬಸ್ ಸ್ಟ್ಯಾಂಡ್
ನವೆಂಬರ್ 12, 2024

ಅಪ್ಪಾ,

ಇದನ್ನು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಉಮರ್ಗಾದ ಬಸ್ಸು ಎದುರಿಗೇ ನಿಂತಿದೆ. ಹತ್ತುವ ಧೈರ್ಯ ಇಲ್ಲ.

ಅಕ್ಟೋಬರಿನಲ್ಲಿ ನಾನು ಹೊರಟಿದ್ದೆ. ಉದಗೀರದವರೆಗೆ ಬಂದಿದ್ದೆ. ನಿಲಂಗಾಕ್ಕೆ ಬಸ್ಸು ಹಿಡಿಯುವ ಬದಲು ಹಳೆಯ ಹಾಸ್ಟೆಲಿನ ಕಡೆ ನಡೆದುಹೋಗಿ, ನೀನು ನಿಲ್ಲುತ್ತಿದ್ದ ಚಹಾದಂಗಡಿಯಲ್ಲಿ ಕುಳಿತುಬಿಟ್ಟೆ. ಕಚೇರಿಯಲ್ಲಿ ಎಲ್ಲರ ಎದುರು ನಿಂತು ಹೇಳುವುದನ್ನು ನೆನೆದು ಮತ್ತೊಂದು ಚಹಾ ಹೇಳಿದೆ. ಸಂಜೆಯ ಬಸ್ಸಿಗೆ ತಿರುಗಿ ಹೋದೆ. ನೀನು ‘ನಾನೇ ಕಳ್ಳ’ ಎಂದು ಸಹಿ ಮಾಡುತ್ತಿದ್ದ ಹೊತ್ತಿಗೆ ನಾನು ಅಲ್ಲಿ ಚಹಾ ಕುಡಿಯುತ್ತಿದ್ದೆ ಅಪ್ಪಾ. ನಿನ್ನ ಕಾಗದ ಓದಿದ ಮೇಲೆ ನಾನು ಕನ್ನಡಿ ನೋಡಿಕೊಂಡಿಲ್ಲ.

ಆಮೇಲೆ ಉಜ್ವಲಾ ಮೇಡಂಗೆ ತಪ್ಪು ನನ್ನದು ಎಂದು ಹೇಳಿದೆ. ಬೈದರು. ಮಾರ್ಚಿಗೆ ಕರಾರು ಮುಗಿದ ನಂತರ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಅದರ ಚಿಂತೆಯೂ ನನಗಿಲ್ಲ. ಈ ಕಾರ್ತಿಕದ ಹೊಸ ಫೋಟೋ ತೆಗೆಸಿಕೊಂಡೆ. ನೀನು ಹೇಳಿದ ಹಾಗೆಯೇ ಇದೆ, ಬನದೊಳಗೆ ಬಿಸಿಲು ಬೀಳುವಷ್ಟು ಸಂದಿ ಇಲ್ಲ. ಮೂರು ವರ್ಷದ ಹಿಂದಿನ ಕಾರ್ತಿಕ ಮತ್ತು ಈ ಕಾರ್ತಿಕ ಎರಡನ್ನೂ ಜೋಡಿಸಿ ತಂದು ಇವತ್ತು ಸಾಹೇಬರ ಮೇಜಿನ ಮೇಲೆ ಇಟ್ಟೆ. ಒಂದು ಗಿಡವೂ ಹೋಗಿಲ್ಲ, ಕಟ್ಟಿಗೆಯ ಲೆಕ್ಕ ಪೂರ್ತಿ ತಪ್ಪು, ನಾವು ಬೇಸಿಗೆಯನ್ನು ಕಾರ್ತಿಕದ ಜೊತೆ ಹೋಲಿಸಿದ್ದೇ ತಪ್ಪು ಎಂದು ವಿವರಿಸಿದೆ. ಅವರು ಬಹಳ ಹೊತ್ತು ನೋಡಿದರು, ಒಪ್ಪಿದರು.

ಆಮೇಲೆ ಕೇಳಿದರು, "ಈ ಜನ ಬೊಡ್ಡೆ ಮುಟ್ಟುವುದಿಲ್ಲ, ನೆತ್ತಿಗೆ ಒಂದು ಟೊಂಗೆ ಬಿಡುತ್ತಾರೆ ಅನ್ನುತ್ತೀರಲ್ಲ, ನಾಗಪುರದಲ್ಲಿ ಕುಳಿತ ನಿಮಗೆ ಹೇಗೆ ಗೊತ್ತು?"

ಓದಿದ್ದೇನೆ ಅಂದೆ.

ನೋಡು, ಇಷ್ಟೆಲ್ಲ ಆದ ಮೇಲೂ. ನೀನು ನನಗಾಗಿ ಕಳ್ಳನಾದ ಅದೇ ಕೋಣೆಯಲ್ಲಿ, ಬಹುಶಃ ಅದೇ ಕುರ್ಚಿಯ ಮುಂದೆ ನಿಂತು, ಓದಿದ್ದೇನೆ ಅಂದೆ. "ಕಲಿತ ಹುಡುಗಿ, ಒಬ್ಬ ಗುರುತಿಲ್ಲದ ಮುದುಕನಿಗಾಗಿ ಇಷ್ಟು ದೂರ ಬಂದಿರಿ" ಎಂದು ಅವರು ನನಗೆ ಚಹಾ ತರಿಸಿದರು. ಆ ಚಹಾವನ್ನೂ ಕುಡಿದು ಬಂದೆ.

ಈಗ ನಿನ್ನನ್ನು ಕೇಳಬಾರದ್ದನ್ನು ಕೇಳಬೇಕಾಗಿದೆ. ಫೋಟೋದ ತಪ್ಪನ್ನು ತಿದ್ದುತ್ತೇವೆ, ಆದರೆ ಆ ಮುದುಕ ತಾನೇ ಒಪ್ಪಿಕೊಂಡು ಸಹಿ ಮಾಡಿದ್ದಾನಲ್ಲ, ಅದನ್ನು ನಾವು ಅಳಿಸಲು ಬರುವುದಿಲ್ಲ ಎಂದರು ಸಾಹೇಬರು. ಅವನೇ ಬಂದು ತಾನು ಅವತ್ತು ಸುಳ್ಳು ಹೇಳಿದೆ ಎನ್ನಬೇಕು, ಯಾಕೆ ಹೇಳಿದ ಎಂಬುದನ್ನೂ ಹೇಳಬೇಕು, ಆಗ ತಂತಿ ತೆಗೆಸುತ್ತೇನೆ ಎಂದರು. ಇದೇ ತಿಂಗಳ ಇಪ್ಪತ್ತೆಂಟಕ್ಕೆ ಕರೆದಿದ್ದಾರೆ.

ಎಂದೂ ಸುಳ್ಳು ಹೇಳದ ನೀನು ನನಗಾಗಿ ಒಂದು ಸುಳ್ಳು ಹೇಳಿದೆ, ಈಗ ಅದನ್ನು ಒಪ್ಪಿಕೋ ಅಂತ ಮಗಳೇ ಕೇಳುತ್ತಿದ್ದಾಳೆ. ಬರುತ್ತೀಯಾ ಅಪ್ಪಾ?

ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

ಸೋನಾಲಿ


ತುರೋರಿ
ನವೆಂಬರ್ 18, 2024

ಸೋನಾಲಿ,

ಬರ್ತೀನಿ.

ನಾ ಸುಳ್ಳ ಹೇಳಿದೆ ಅನ್ನಾಕ ನನಗೇನು ನಾಚಿಕಿ ಇಲ್ಲ. ಕಳ್ಳ ಅಂತ ಹೇಳಿ ಸಹಿ ಮಾಡಿದಾಂವಗ ಸುಳ್ಳ ಯಾವ ಭಾರ? ಬನ ಹಸರ ಅದ ಅಂತ ಬರದಿ, ಅದನ್ನ ನಿಮ್ಮವ್ವಗ ಎರಡು ಸಲ ಓದಿ ಹೇಳ್ದೆ. ಆಕಿ ಅತ್ಲು. ಸಾರಿಕಾ ನಿನಗ ಬೈದ್ಲು, ಆಮ್ಯಾಲ ಆಕೀನೂ ಅತ್ಲು.

ಆದ್ರ ಸುಳ್ಳ ಯಾಕ ಹೇಳ್ದಿ ಅಂತ ಸಾಹೇಬ ಕೇಳೇ ಕೇಳ್ತಾನ. ಅದಕ್ಕ ಜವಾಬು ನನ್ನ ಹಂತ್ಯಾಕ ಇಲ್ಲ. ನಿನ್ನ ಹಂತ್ಯಾಕ ಅದ. ಆ ಮಾತಿಗೆ ನಾ ಬಾಯಿ ತಗಿಯೂದಿಲ್ಲ, ನೀ ನನ್ನ ಬಾಜೂಕ ನಿಂತು ಹೇಳಬೇಕು. ಓದಿದ್ದು ಬ್ಯಾಡ. ಗುರುತಿಲ್ಲದ ಮುದುಕಂದೂ ಬ್ಯಾಡ. ಮೊದಲು ಯಾರ ಮಗಳು ಅಂತ ಹೇಳು, ಆಮ್ಯಾಲ ಗಿಡದ ಸುದ್ದಿ ಹೇಳು. ಗಟ್ಟಿಗೆ ಹೇಳು, ನನಗೂ ಕೇಳಬೇಕು.

ಇಪ್ಪತ್ತೆಂಟಕ್ಕ ಮುಂಜಾನಿ ಮೊದಲ ಬಸ್ಸಿಗೆ ಹೊಂಡ್ತೀನಿ. ಚಳಿ ಅದ, ಕಂಬಳಿ ಹೊತ್ತ ಬರ್ತೀನಿ. ಮತ್ತ ಈ ಸಲ ಗೇಟಿನ ಹೊರಗ ನಿಂದ್ರೂದಿಲ್ಲ ಅವ್ವಾ, ಒಳಗ ಬರ್ತೀನಿ.

ನಿಮ್ಮಪ್ಪ
ಭೀಮಶಾ